ಬಣ್ಣ ಹೇಳದ್ದನ್ನು ಬಾಯಿ ಹೇಳಬೇಕು

ರೊಸೇಶಿಯಾ ಎಂಬ ಚರ್ಮರೋಗಕ್ಕೆ ಬ್ರಿಟನ್ನಿನಲ್ಲಿ ‘ಕೆಲ್ಟರ ಶಾಪ’ ಎಂಬ ಹಳೆಯ ಅಡ್ಡಹೆಸರಿದೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಬಿಳಿ ಚರ್ಮದವರ ಕೆನ್ನೆ, ಮೂಗು ಕೆಂಪೇರಿಸುವ ಕಾಯಿಲೆ ಇದು ಎಂಬ ನಂಬಿಕೆ ಜನರಲ್ಲಿ ಮಾತ್ರವಲ್ಲ, ಬಹುಕಾಲ ವೈದ್ಯಕೀಯ ಪಠ್ಯಗಳಲ್ಲೂ ಬೇರೂರಿತ್ತು. ಹೆಸರಿನ ಲ್ಯಾಟಿನ್ ಮೂಲದಲ್ಲೇ ಗುಲಾಬಿಯಿದೆ. ಗೋಧಿಬಣ್ಣದ, ಎಣ್ಣೆಗಪ್ಪು ಬಣ್ಣದ ನಮ್ಮವರು ಇಂಗ್ಲೆಂಡಿನಲ್ಲಿ ಈ ಕಾಯಿಲೆಗೆ ಮದ್ದು ಹುಡುಕಹೊರಟಾಗ ಮೊದಲು ಎಡವುವುದು ಈ ಗುಲಾಬಿಯನ್ನೇ. ಅಲ್ಲಿ ಇದರೊಂದಿಗೆ ಬದುಕಿ ನನಗೆ ದಕ್ಕಿದ ತಿಳಿವಳಿಕೆ ಇಷ್ಟು: ಔಷಧ ಪಡೆಯುವುದಕ್ಕಿಂತ ಕಾಯಿಲೆಗೆ ಅದರ ಹೆಸರು ಪಡೆಯುವುದೇ ಹೆಚ್ಚು ಕಷ್ಟ. ನಮ್ಮ ಚರ್ಮದ ಮೇಲೆ ಬಣ್ಣ ಹೇಳದೆ ಬಿಟ್ಟದ್ದನ್ನು ರೋಗಿಯ ಬಾಯಿಯೇ ಹೇಳಬೇಕು.

ಇದು ಬಿಳಿಯರಿಗಷ್ಟೇ ಬರುವ ರೋಗವಲ್ಲ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಪ್ರಪಂಚದ ವಯಸ್ಕರಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ರೊಸೇಶಿಯಾ ಇದೆ. ಮುಖದ ನಡುಭಾಗದ ಸಣ್ಣ ರಕ್ತನಾಳಗಳೂ ನರಗಳೂ ತುಸು ಕಾವಿಗೂ ಅತಿಯಾಗಿ ಕೆರಳುತ್ತವೆ. ಚರ್ಮದ ಕಾವಲಿಗೆಂದೇ ಇರುವ ಕ್ಯಾಥೆಲಿಸಿಡಿನ್ ಎಂಬ ಪ್ರೋಟೀನು ಹದ ತಪ್ಪಿ ಉರಿಯೂತ ತರುತ್ತದೆ. ಬಹುತೇಕ ಎಲ್ಲರ ಮುಖದಲ್ಲೂ ಇರುವ, ಕಣ್ಣಿಗೆ ಕಾಣದ ಡೆಮೊಡೆಕ್ಸ್ ಎಂಬ ನುಸಿ ಈ ರೋಗಿಗಳಲ್ಲಿ ಹೆಚ್ಚಾಗಿರುತ್ತದೆ. ಈ ಯಾವುದೂ ಮೈಬಣ್ಣ ಕೇಳಿ ನಡೆಯುವ ಕ್ರಿಯೆಯಲ್ಲ. ಆದರೆ ಬಿಳಿ ಕೆನ್ನೆಯ ಮೇಲೆ ಎದ್ದು ಕಾಣುವ ಕೆಂಪು, ಕಂದು ಕೆನ್ನೆಯ ಮೇಲೆ ಬರೀ ಕಪ್ಪಿಟ್ಟಂತೆ, ಹೆಚ್ಚೆಂದರೆ ನೇರಳೆ ಛಾಯೆಯಂತೆ ತೋರುತ್ತದೆ. ಮನೆಯಲ್ಲಿ ಅದನ್ನು ‘ಉಷ್ಣ’ ಅನ್ನುತ್ತಾರೆ, ‘ಪಿತ್ತ’ ಅನ್ನುತ್ತಾರೆ. ದವಾಖಾನೆಯಲ್ಲಿ ಮೊಡವೆ ಅನ್ನುತ್ತಾರೆ. ಮೂರೂ ಹೆಸರಿನಲ್ಲಿ ಚಿಕಿತ್ಸೆ ದಾರಿ ತಪ್ಪುತ್ತದೆ.

ಈ ತೊಡಕಿಗೆ ಉತ್ತರ ವೈದ್ಯಶಾಸ್ತ್ರದ ಒಳಗೇ ಇದೆ ಎಂಬುದು ನನಗೆ ತಡವಾಗಿ ತಿಳಿಯಿತು. 2017ರಲ್ಲಿ ತಜ್ಞರ ಸಮಿತಿಯೊಂದು ರೋಗ ಗುರುತಿಸುವ ಕ್ರಮವನ್ನು ಪರಿಷ್ಕರಿಸಿತು. ಮುಖದ ನಡುವೆ ಮಾಸದೆ ನಿಂತ ಕೆಂಪು ಅಥವಾ ಮೂಗಿನ ಚರ್ಮ ದಪ್ಪಗಟ್ಟುವುದು, ಇವೆರಡರಲ್ಲಿ ಒಂದಿದ್ದರೂ ಸಾಕು. ಅದಿಲ್ಲದಿದ್ದರೆ ಥಟ್ಟನೆ ಮುಖಕ್ಕೆ ಕಾವೇರಿ ಕೆಂಪಾಗುವುದು, ಗುಳ್ಳೆ ಮತ್ತು ಕೀವುಗುಳ್ಳೆ, ಎಳೆಎಳೆಯಾಗಿ ಕಾಣುವ ರಕ್ತನಾಳ, ಕಣ್ಣಿನ ತೊಂದರೆ ಇವುಗಳಲ್ಲಿ ಎರಡಿದ್ದರೆ ರೊಸೇಶಿಯಾ ಎನ್ನಬಹುದು. ಹಾಗಾಗಿ ನಿಂತ ಕೆಂಪು ಕಾಣದ ಚರ್ಮದಲ್ಲೂ ರೋಗವನ್ನು ಹಿಡಿಯಲು ದಾರಿಯಿದೆ. ಆದರೆ ಕಾವು ಬಂದು ಹೋಗುವಂಥದ್ದು. ಹತ್ತು ನಿಮಿಷದ ಭೇಟಿಯಲ್ಲಿ ಅದು ಹೇಳಿದ ಹೊತ್ತಿಗೆ ಬಂದು ಕೂರುವುದಿಲ್ಲ. ಎಷ್ಟು ಹೊತ್ತು ಉರಿಯುತ್ತದೆ, ಯಾವುದರ ನಂತರ ಏರುತ್ತದೆ, ಸೋಪು ತಾಗಿದರೆ ಚುರುಗುಟ್ಟುತ್ತದೆಯೇ, ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆಯೇ, ಗುಳ್ಳೆಗಳ ನಡುವೆ ಮೊಡವೆಯಲ್ಲಿರುವಂಥ ಬ್ಲ್ಯಾಕ್‌ಹೆಡ್‌ಗಳು ಇಲ್ಲವೇ, ಇವನ್ನು ರೋಗಿ ತಾನಾಗಿ ಹೇಳದಿದ್ದರೆ ವೈದ್ಯರ ಮುಂದೆ ಸಾಕ್ಷ್ಯವೇ ಇರುವುದಿಲ್ಲ. ಕಾವೇರಿದ ಗಳಿಗೆಯಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಎರಡು ಫೋಟೊ ಈ ಮಾತಿಗೆ ಬಲ ಕೊಡುತ್ತವೆ.

ರೋಗಿಯೇ ರೋಗದ ಹೆಸರು ಹಿಡಿದು ಹೋದರೆ ವೈದ್ಯರಿಗೆ ಹಿಡಿಸೀತೇ ಎಂಬ ಅಳುಕು ನಮ್ಮಲ್ಲಿ ಸಹಜ. ಡಾಕ್ಟರ ಎದುರು ಹೆಚ್ಚು ಮಾತಾಡಬಾರದೆಂಬ ಸಂಕೋಚದಲ್ಲೇ ಬೆಳೆದವರು ನಾವು. ಆದರೆ ನಾನು ಹೇಳುತ್ತಿರುವುದು ತೀರ್ಪಿನ ಮಾತಲ್ಲ, ವಿವರದ ಮಾತು. ಕಂದು, ಕಪ್ಪು ಚರ್ಮದ ಮೇಲೆ ರೋಗಲಕ್ಷಣ ಹೇಗೆ ಕಾಣುತ್ತದೆ ಎಂಬುದು ಪಠ್ಯಗಳಲ್ಲಿ ಸಾಲದು ಎಂಬುದನ್ನು ಬ್ರಿಟನ್ನೇ ಒಪ್ಪಿಕೊಂಡಿದೆ. ಲಂಡನ್ನಿನ ಸೇಂಟ್ ಜಾರ್ಜ್ಸ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಮಲೋನ್ ಮುಕ್ವೆಂಡೆ ತನ್ನ ಅಧ್ಯಾಪಕರೊಂದಿಗೆ ಸೇರಿ 2020ರಲ್ಲಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ತಂದದ್ದು ಇದೇ ಕೊರತೆ ನೀಗಲು. ಹಾಗಿದ್ದ ಮೇಲೆ ‘ಇದು ರೊಸೇಶಿಯಾ ಇರಬಹುದೇ, ನನ್ನ ಚರ್ಮದಲ್ಲಿ ಕೆಂಪು ಕಾಣುವುದಿಲ್ಲ’ ಎಂದು ಕೇಳುವುದು ಅಧಿಕಪ್ರಸಂಗವಾಗುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಗಾದೆ ಜಿ.ಪಿ. ಎಂದು ಕರೆಯುವ ಅಲ್ಲಿನ ಕುಟುಂಬ ವೈದ್ಯರ ಕೋಣೆಯಲ್ಲೂ ಸಲ್ಲುತ್ತದೆ.

ಹೆಸರು ಸಿಕ್ಕಿದ ಮೇಲೆ ದಾರಿ ಬಹುಮಟ್ಟಿಗೆ ಸಲೀಸು. ಬ್ರಿಟನ್ನಿಗೆ ಕೆಲಸದ ವೀಸಾದ ಮೇಲೆ ಹೋಗುವವರಲ್ಲಿ ಹೆಚ್ಚಿನವರು 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್ ಕಟ್ಟುತ್ತಾರೆ; ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಚಿಕಿತ್ಸೆ ಅವರ ಹಕ್ಕು. ಚರ್ಮತಜ್ಞರ ಸರದಿ ದೀರ್ಘ, 18 ವಾರಗಳ ಗುರಿಯನ್ನು ಅದು ಎಷ್ಟೋ ಸಲ ಮೀರುತ್ತದೆ ಎಂಬ ದೂರು ನಿಜವೇ. ಆದರೆ ಮೊದಲ ಹಂತದ ಚಿಕಿತ್ಸೆಗೆ ತಜ್ಞರೇ ಬೇಕೆಂದಿಲ್ಲ. ಮೆಟ್ರೊನಿಡಜೋಲ್ ಶೇ 0.75, ಅಜೆಲಾಯಿಕ್ ಆ್ಯಸಿಡ್ ಶೇ 15, ಐವರ್ಮೆಕ್ಟಿನ್ ಶೇ 1 ಇವೆಲ್ಲ ಜಿ.ಪಿ.ಯೇ ಬರೆಯಬಹುದಾದ ಲೇಪನಗಳು. ಗುಳ್ಳೆ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯೂ ಉಂಟು. ಇಂಗ್ಲೆಂಡಿನಲ್ಲಿ 2024ರ ದರದಂತೆ ಒಂದು ಔಷಧಕ್ಕೆ 9.90 ಪೌಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಅದೂ ಇಲ್ಲ. ಇವು ಫಲ ಕೊಡಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಎರಡು ವಾರಕ್ಕೇ ಬೇಸತ್ತು ಬಿಟ್ಟವರು ಔಷಧವನ್ನು ಪರೀಕ್ಷಿಸಿಯೇ ಇಲ್ಲ ಎಂದರ್ಥ. ರಕ್ತನಾಳಗಳಿಗೆ ಲೇಸರ್ ಇದೆ, ಆದರೆ ಅದು ಸಾಮಾನ್ಯವಾಗಿ ಕೈಯಿಂದ ದುಡ್ಡು ಕಟ್ಟಿ ಮಾಡಿಸಿಕೊಳ್ಳುವಂಥದ್ದು. ನಮ್ಮ ಚರ್ಮದಲ್ಲಿ ಅದು ಕಲೆ ಉಳಿಸುವ ಅಪಾಯ ಹೆಚ್ಚಿರುವುದರಿಂದ ಕಂದು ಚರ್ಮದ ಮೇಲೆ ಕೈ ಪಳಗಿದವರನ್ನೇ ಹುಡುಕಬೇಕು.

ಇಷ್ಟೆಲ್ಲ ಯಾಕೆ, ಊರಿಂದ ಒಂದು ಟ್ಯೂಬ್ ತರಿಸಿಕೊಂಡರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಈ ಆಕ್ಷೇಪವೇ ಎಲ್ಲಕ್ಕಿಂತ ಅಪಾಯದ್ದು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಮುಖ ಬೆಳ್ಳಗಾಗಲು, ಮೊಡವೆ ಹೋಗಲು ಎಂದು ಕೈಗೆ ಬರುವ ಎಷ್ಟೋ ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಕೆಲವೇ ದಿನದಲ್ಲಿ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಬಿಟ್ಟ ಕೂಡಲೇ ಉರಿ, ಗುಳ್ಳೆ ಭುಗಿಲೇಳುತ್ತವೆ. ಸ್ಟೀರಾಯ್ಡೇ ರೊಸೇಶಿಯಾದಂಥ ಸ್ಥಿತಿಯನ್ನು ತಂದೊಡ್ಡಬಲ್ಲದು, ಇದ್ದದ್ದನ್ನು ಉಲ್ಬಣಿಸಬಲ್ಲದು. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳಿಂದ ದನಿಯೆತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ನಿಯಮ ಬಂದ ಮಾತ್ರಕ್ಕೆ ಟ್ಯೂಬುಗಳು ಸೂಟ್‌ಕೇಸಿನಿಂದ ಮಾಯವಾಗಲಿಲ್ಲ. ನಮ್ಮ ಸಮಾಜಕ್ಕಿರುವ ಬಿಳುಪಿನ ಹಂಬಲವನ್ನು ಇಂಗ್ಲೆಂಡಿನ ವೈದ್ಯರು ಊಹಿಸಲಾರರು, ಹಾಗಾಗಿ ಕೇಳುವುದೂ ಇಲ್ಲ. ಏನೇನು ಹಚ್ಚಿದ್ದೇವೆ ಎಂಬುದನ್ನು ನಾಚಿಕೆ ಬಿಟ್ಟು, ಟ್ಯೂಬನ್ನೇ ಮೇಜಿನ ಮೇಲಿಟ್ಟು ಹೇಳುವುದು ಬಾಯಿ ಮಾಡಬೇಕಾದ ಎರಡನೆಯ ಕೆಲಸ. ನಿಂಬೆರಸ, ಕಡಲೆಹಿಟ್ಟು, ಅರಿಸಿನದ ಲೇಪವೂ ಆ ಪಟ್ಟಿಯಲ್ಲಿರಲಿ. ಹುಳಿಯೂ ತಿಕ್ಕುವಿಕೆಯೂ ಈ ಚರ್ಮಕ್ಕೆ ಆಗಿಬರುವುದಿಲ್ಲ.

ಮಾತು ಬಾಯಿಗೆ ಬರಬೇಕಾದರೆ ಮೊದಲು ಗಮನ ಬೇಕು, ಗಮನಿಸುವುದೆಂದರೆ ಕಂಡದ್ದನ್ನೆಲ್ಲ ತ್ಯಜಿಸುವುದಲ್ಲ. ಬಿಸಿಲು, ಚಳಿಗಾಳಿ, ಹೀಟರಿನ ಕಾವು, ಮದ್ಯ, ಖಾರ, ಆತಂಕ ಎಂದು ರೋಗ ಕೆರಳಿಸುವವುಗಳ ಪಟ್ಟಿ ಉದ್ದವಿದೆ; ಎಲ್ಲವೂ ಎಲ್ಲರಿಗೂ ಅನ್ವಯಿಸದು. ಕಾಫಿಯ ವಿಷಯವನ್ನೇ ನೋಡಿ. 1981ರ ಪ್ರಯೋಗವೊಂದರಲ್ಲಿ 60 ಡಿಗ್ರಿ ಸೆಲ್ಸಿಯಸ್‌ನ ಬಿಸಿ ಕಾಫಿ ಮುಖ ಕೆಂಪೇರಿಸಿದಂತೆಯೇ ಅಷ್ಟೇ ಬಿಸಿಯ ನೀರೂ ಕೆಂಪೇರಿಸಿತು. ಆರಿದ ಕಾಫಿ ಏನೂ ಮಾಡಲಿಲ್ಲ. ತಪ್ಪು ಕಾಫಿಯದಲ್ಲ, ಬಿಸಿಯದು. ಅಂದಮೇಲೆ ಕನ್ನಡಿಗ ಫಿಲ್ಟರ್ ಕಾಫಿಯನ್ನು ಬಿಡಬೇಕಿಲ್ಲ, ಲೋಟದಿಂದ ಬಟ್ಟಲಿಗೆ ಇನ್ನೆರಡು ಬಾರಿ ಎತ್ತಿಹೊಯ್ದು ಆರಿಸಿ ಕುಡಿದರಾಯಿತು. ಸನ್‌ಸ್ಕ್ರೀನ್ ಮಾತ್ರ ತಪ್ಪಿಸುವಂತಿಲ್ಲ. ಮಾಮೂಲಿ ಝಿಂಕ್ ಲೇಪನ ನಮ್ಮ ಮುಖದ ಮೇಲೆ ಬೂದಿ ಬಳಿದಂತೆ ಕಂಡರೆ ಬಣ್ಣ ಬೆರೆಸಿದ ಬಗೆಯೂ ಸಿಗುತ್ತದೆ.

ಕೊನೆಯ ಆಕ್ಷೇಪ, ಇದು ಬರೀ ಅಂದಚೆಂದದ ಚಿಂತೆ, ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ತೋರಿಸಿದರೆ ಸಾಕು ಎಂಬುದು. ಬೆಂಗಳೂರಿನಲ್ಲಿ ಚರ್ಮತಜ್ಞರು ಬೇಗ ಸಿಗುತ್ತಾರೆ, ನಮ್ಮ ಚರ್ಮವನ್ನು ದಿನವೂ ನೋಡುವವರು ಅವರು. ರೋಗಕ್ಕೆ ಹೆಸರು ಅಲ್ಲೇ ಸಿಕ್ಕರೆ ಸಂತೋಷ. ಆದರೆ ಇದು ವಾಸಿಯಾಗಿ ಮರೆಯುವ ಕಾಯಿಲೆಯಲ್ಲ, ಹತೋಟಿಯಲ್ಲಿಟ್ಟು ಬಾಳುವಂಥದ್ದು. ವರ್ಷಕ್ಕೊಂದು ಭೇಟಿಯಿಂದ ಅದು ಹತೋಟಿಗೆ ಬಾರದು. ಕಣ್ಣಿಗೆ ತಗುಲಿದ ರೊಸೇಶಿಯಾವನ್ನು ಕಡೆಗಣಿಸಿದರೆ ಕಾರ್ನಿಯಾಕ್ಕೂ ಘಾಸಿಯಾಗಬಹುದು. ಕಣ್ಣು ನೋವಾಗಿ ದೃಷ್ಟಿ ಮಂಜಾದರೆ ರಜೆಗೆ ಕಾಯುವ ಮಾತೇ ಇಲ್ಲ. ಬೆಂಗಳೂರಿನ ವರದಿ, ಚೀಟಿಯನ್ನು ಜೊತೆಗೆ ತಂದು, ಬದುಕುತ್ತಿರುವ ಊರಿನ ಜಿ.ಪಿ.ಯ ದಾಖಲೆಗೆ ಸೇರಿಸಿ ಚಿಕಿತ್ಸೆ ಮುಂದುವರಿಸಿ. ಜಿ.ಪಿ.ಯ ಬಳಿಗೆ ಹೊರಡುವ ಮುನ್ನ ಒಂದು ಹಾಳೆ ತೆಗೆದುಕೊಂಡು ಯಾವಾಗ ಉರಿಯುತ್ತದೆ, ಎಷ್ಟು ಹೊತ್ತು, ಕಣ್ಣಿನಲ್ಲಿ ಏನಾಗುತ್ತದೆ, ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ ಎಂದು ಬರೆದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ಅಷ್ಟು ಸಾಕು.