ಎಲ್ಲರೂ ಪಾಸಾಗಿಲ್ಲ ಅಂದ್ರೆ ಎಷ್ಟು ಜನ ಫೇಲು?

ಮೂರನೇ ಸೆಮ್‌ನ ಮೊದಲ ಇಂಟರ್ನಲ್ಸ್‌ನಲ್ಲಿ ನಮ್ಮ ಬೆಂಚಿನ ಮೂರೂ ಜನ ಒಂದೇ ತಪ್ಪು ಮಾಡಿ ಮಾರ್ಕ್ಸ್ ಕಳ್ಕೊಂಡ್ವಿ. (ಕಾಪಿ ಹೊಡೆದಿಲ್ಲ, ನಂಬಿ.) "ಎಲ್ಲ ವಿದ್ಯಾರ್ಥಿಗಳೂ ಪಾಸಾಗಿದ್ದಾರೆ" ಎಂಬ ಹೇಳಿಕೆಯ ನೆಗೇಶನ್ ಬರೆಯಬೇಕಿತ್ತು. ನಾವು ಬರೆದದ್ದು "ಯಾರೂ ಪಾಸಾಗಿಲ್ಲ" ಅಂತ.

ಹೇಳಿಕೆ ಸುಳ್ಳಾದಾಗ ಅದರ ನೆಗೇಶನ್ ನಿಜವಾಗಲೇಬೇಕು. 60 ಜನರಲ್ಲಿ 59 ಪಾಸ್, ಒಬ್ಬ ಫೇಲ್ ಅಂದ್ಕೊಳ್ಳಿ. "ಎಲ್ಲರೂ ಪಾಸ್" ಸುಳ್ಳು. "ಯಾರೂ ಪಾಸಾಗಿಲ್ಲ" ಅನ್ನೋದೂ ಸುಳ್ಳು! ಹಾಗಾಗಿ ಸರಿಯುತ್ತರ "ಒಬ್ಬರಾದರೂ ಪಾಸಾಗಿಲ್ಲ".

ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು ಮೊದಲು ಕನ್ನಡದ ಮೇಲೆ ತಪ್ಪು ಹೊರಿಸಿದ್ವಿ. "ಎಲ್ಲರೂ ಪಾಸಾಗಿಲ್ಲ" ಅಂದ್ರೆ ಕೆಲವರು ಫೇಲು ಅಂತಲೂ ಆಗುತ್ತೆ, ಅಷ್ಟೂ ಜನ ಫೇಲು ಅಂತಲೂ ಆಗುತ್ತೆ. ಆಮೇಲೆ ನೋಡಿದ್ರೆ "ಆಲ್ ಹ್ಯಾವ್ ನಾಟ್ ಪಾಸ್ಡ್" ಅನ್ನೋದರಲ್ಲೂ ಅದೇ ಗೊಂದಲ. ಚಿಹ್ನೆಯಲ್ಲಿ ಬರೆದರೆ ಮಾತ್ರ ಇದಕ್ಕೆ ಜಾಗವೇ ಇಲ್ಲ. ಪಿಯಾನೋ 1897ರಲ್ಲಿ ∃ ಬಳಸಿದರು, ∀ ಬಂದದ್ದು 1935ರಲ್ಲಿ, ಗೆಂಟ್ಸೆನ್‌ರಿಂದ. ಹೊರಗಿರೋ ¬ ಒಳಗೆ ಹೋಗುವಾಗ ∀ ಇದ್ದದ್ದು ∃ ಆಗುತ್ತೆ, ∃ ಇದ್ದದ್ದು ∀ ಆಗುತ್ತೆ. ಅಷ್ಟೇ.

ಇದು ಗೊತ್ತಾದ ಮೇಲೆ, ನಾವು ಬಾಯಿಪಾಠ ಮಾಡಿದ್ದ ಇನ್ನೊಂದು ಸಾಲು ಅರ್ಥವಾಯ್ತು: ಶೂನ್ಯ ಗಣ ಪ್ರತಿ ಗಣಕ್ಕೂ ಉಪಗಣ. ಇದು ಸುಳ್ಳಾಗಬೇಕಾದರೆ, ಶೂನ್ಯ ಗಣದಲ್ಲಿದ್ದು ಆ ಇನ್ನೊಂದು ಗಣದಲ್ಲಿಲ್ಲದ ಒಂದು ಎಲಿಮೆಂಟ್ ತೋರಿಸಬೇಕು. ಶೂನ್ಯ ಗಣದಲ್ಲಿ ಎಲಿಮೆಂಟೇ ಇಲ್ಲ, ತೋರಿಸೋದೇನನ್ನ? ಪ್ರೂಫ್ ಮುಗೀತು. ಇದೇ ಲೆಕ್ಕದಲ್ಲಿ "ನಮ್ಮ ಹಾಸ್ಟೆಲ್ ರೂಮಿನ ಆನೆಗಳೆಲ್ಲ ಹಸಿರು" ಅನ್ನೋದೂ ನಿಜ, "ಅವೆಲ್ಲ ಕೆಂಪು" ಅನ್ನೋದೂ ನಿಜ. ಮೊದಲು ಇದು ಮೋಸ ಅನ್ನಿಸಿತ್ತು.

ಆದ್ರೆ ಮಿನಿ ಪ್ರಾಜೆಕ್ಟ್‌ನಲ್ಲಿ ಇದೇ ನಮಗೆ ಕೈಕೊಟ್ಟಿತು. ಹಾಜರಾತಿ ಫೈಲ್ ಓದಿ "ಎಲ್ಲರಿಗೂ 75% ಇದೆಯಾ" ಅಂತ ನೋಡೋ ಪೈಥಾನ್ ಕೋಡ್. ಡೆಮೊ ದಿನ ತಪ್ಪಿ ಖಾಲಿ ಫೈಲ್ ಕೊಟ್ವಿ. ಖಾಲಿ ಲಿಸ್ಟ್‌ಗೆ 'ಆಲ್' ಫಂಕ್ಷನ್ 'ಟ್ರೂ' ಅನ್ನುತ್ತೆ. ಸ್ಕ್ರೀನ್ ಮೇಲೆ "ಎಲ್ಲರೂ ಅರ್ಹರು" ಅಂತ ಬಂತು! ಮೇಡಂ ನಕ್ಕು, "ಯಾರಪ್ಪ ಆ ಎಲ್ಲರು?" ಅಂದ್ರು. ಆಮೇಲೆ ಫೈಲ್ ಖಾಲಿಯಾ ಅಂತ ಮೊದಲೇ ನೋಡೋ ಒಂದು ಸಾಲು ಸೇರಿಸಿದ್ವಿ.

ಎರಡನೇ ಇಂಟರ್ನಲ್ಸ್‌ಗೆ ಮುಂಚೆ ಇದನ್ನ ಬಿಡಿಸಿ ನೋಡಿ: "ಎಲ್ಲ ಪ್ರಶ್ನೆಗಳನ್ನೂ ಬಿಡಿಸಿದ ಒಬ್ಬ ವಿದ್ಯಾರ್ಥಿಯಾದರೂ ಇದ್ದಾನೆ." ನೆಗೇಶನ್ ಏನು? ನಮ್ಮ ಉತ್ತರ: ಪ್ರತಿ ವಿದ್ಯಾರ್ಥಿಯೂ ಒಂದಾದರೂ ಪ್ರಶ್ನೆ ಬಿಟ್ಟಿದ್ದಾನೆ. ಎಲ್ಲರೂ ಒಂದೇ ಪ್ರಶ್ನೆ ಬಿಟ್ಟಿರಬೇಕಂತಿಲ್ಲ. ನಮ್ಮ ಬೆಂಚಿನಲ್ಲಿ ಒಬ್ಬ ಜಾರಿದ್ದು ಅಲ್ಲೇ.