ತಗಡೂರಿನ ದಾರಿ ಹಿಡಿಯುವ ಕಿರಿಯರಿಗೆ



ಬೆಂಗಳೂರಿನಿಂದ ಹೊಸೂರು, ಧರ್ಮಪುರಿ, ಓಮಲೂರುಗಳ ಮಾರ್ಗವಾಗಿ ಸೇಲಂ ಸೇರುವ ರೈಲಿನಲ್ಲಿ ಕುಳಿತ ಕನ್ನಡದ ಕಿರಿಯರಿಗೆ ಆ ಸೀಮೆ ಪರದೇಶದಂತೆ ಕಾಣುವುದು ನೆಲದಿಂದಲ್ಲ, ಫಲಕಗಳ ಲಿಪಿಯಿಂದ. ತಮಿಳಿನಲ್ಲಿ 12 ಸ್ವರಗಳೂ 18 ವ್ಯಂಜನಗಳೂ ಮಾತ್ರ ಇದ್ದು, ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ ಸಾಲುವುದರಿಂದ, ಹೊರಡುವ ಮುನ್ನ ಕೆಲವು ದಿನ ಕುಳಿತು ಆ ಅಕ್ಷರಗಳನ್ನು ಕಲಿಯುವುದು ಕಷ್ಟವಲ್ಲ. ಪ್ರವಾಸದ ಸಿದ್ಧತೆಗಳಲ್ಲಿ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ.

ಅಕ್ಷರ ಕೂಡಿಸಿ ಓದಬಲ್ಲವರು ಧರ್ಮಪುರಿಯ ಬಸ್ ನಿಲ್ದಾಣದಲ್ಲಿ 'ಒಗೇನಕ್ಕಲ್' ಎಂಬ ಫಲಕವನ್ನು ಕಾಣುತ್ತಾರೆ. ಅದು ಕಾವೇರಿಯ ಜಲಪಾತವಿರುವ ಹೊಗೇನಕಲ್ಲು. ಹೊಗೆಗೆ ತಮಿಳಿನಲ್ಲಿ 'ಪುಗೈ' ಎಂಬ ಪದವಿದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾಗಿ, ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳಿನಲ್ಲಿ ಆ ಪಕಾರ ಇದ್ದಂತೆಯೇ ಉಳಿಯಿತು. ಹೀಗಾಗಿ ನೀರಿನ ಹನಿಗಳು ಹೊಗೆಯಂತೆ ಏಳುವ ಆ ಬಂಡೆಗಳಿಗೆ ಹೊಗೇನಕಲ್ಲು ಎಂಬ ಹೆಸರು ಕನ್ನಡದ ಬಾಯಿಂದಲೇ ಬಂದಿರಬೇಕು. ತಮಿಳಿನ ಮೂಲ ವರ್ಣಮಾಲೆಯಲ್ಲಿ ಹಕಾರ ಇಲ್ಲದ್ದರಿಂದ ಫಲಕದಲ್ಲಿ ಅದು ಒಕಾರದಿಂದ ಆರಂಭವಾಗುತ್ತದೆ. ಮಾರಂಡಹಳ್ಳಿಯಂಥ ಊರಿನ ಹೆಸರಿನಲ್ಲಿರುವ 'ಹಳ್ಳಿ'ಯೂ ಇದೇ ಕಾರಣದಿಂದ ಕೆಲವೆಡೆ 'ಅಳ್ಳಿ' ಎಂದು ಬರೆಯಲ್ಪಡುತ್ತದೆ.

ಇಷ್ಟು ತಿಳಿದೊಡನೆ 'ಇದೆಲ್ಲ ನಮ್ಮದೇ ಆಗಿತ್ತು' ಎಂಬ ಹಕ್ಕಿನ ಮಾತಿಗೆ ಕಿರಿಯರು ಇಳಿಯಬಾರದು. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾವ್ಯಗಳು, ಅಂದರೆ ತಮಿಳಿನ ಅತಿ ಪ್ರಾಚೀನ ಪದ್ಯಗಳು, ಹೊಗಳುವ ಅದಿಯಮಾನ್ ನೆಡುಮಾನ್ ಅಂಜಿ ಇಲ್ಲಿ ಆಳಿದವನು. ಆಯುಸ್ಸನ್ನು ಹೆಚ್ಚಿಸುವ ನೆಲ್ಲಿಕಾಯಿ ಕೈಗೆ ಸಿಕ್ಕಾಗ ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟನೆಂಬ ಕಥೆ ಅಲ್ಲಿನ ಮಕ್ಕಳಿಗೂ ಗೊತ್ತು. ಅದೇ ತಗಡೂರಿನಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ಸಹೋದರರು ಜೈನ ಬಸದಿಯೊಂದನ್ನು ಕಟ್ಟಿಸಿದರೆಂದು ನೊಳಂಬ ದೊರೆ ಮಹೇಂದ್ರನ ಕಾಲದ, ಶಕ 815ರ, ಅಂದರೆ ಕ್ರಿ.ಶ. 893ರ ಕನ್ನಡ ಶಾಸನ ಹೇಳುತ್ತದೆ. ಎರಡೂ ಆ ನೆಲದ ನಿಜವಾದ ನೆನಪುಗಳೇ ಆಗಿರುವುದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವವರಿಗೆ ಊರು ಅರ್ಧವಷ್ಟೇ ಕಾಣುತ್ತದೆ. ಕೋಟೆಯ ಮಲ್ಲಿಕಾರ್ಜುನ, ಕಾಮಾಕ್ಷಿ ಗುಡಿಗಳಲ್ಲಿ ನೊಳಂಬರ ಕೆತ್ತನೆಯ ಕಂಬಗಳ ಮುಂದೆ ಬೆಳಗಿನ ಒಂದು ಗಂಟೆಯನ್ನಾದರೂ ಕಳೆದು, ಬಳಿಕ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತಮಿಳರು 'ನಡುಕಲ್' ಎನ್ನುವ ವೀರಗಲ್ಲುಗಳನ್ನು ನೋಡಬೇಕು.

ಮಾತಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದಲ್ಲಿ 'ಬಾ'ಗೂ 'ಬನ್ನಿ'ಗೂ ಇರುವ ಅಂತರವೇ ತಮಿಳಿನ 'ವಾ'ಗೂ 'ವಾಂಗ'ಗೂ ಇದೆ. ಕ್ರಿಯಾಪದದ ಕೊನೆಗೆ ಆ 'ಂಗ' ಸೇರಿಸಿ, 'ಅಣ್ಣಾ', 'ಅಕ್ಕಾ' ಎಂದು ಕರೆದು ದಾರಿ ಕೇಳಿದವರಿಗೆ ಉತ್ತರದ ಜೊತೆಗೆ ಎಷ್ಟೋ ಸಲ ಕನ್ನಡವೂ ಕೇಳಿಸುತ್ತದೆ. ಸೇಲಂನ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ಅವರ ಕುಲದೇವತೆ ಚೌಡೇಶ್ವರಿ ತಮಿಳು ಉಚ್ಚಾರಣೆಯಲ್ಲಿ ಸೌಡೇಶ್ವರಿಯಾಗಿದ್ದಾಳೆ. ಓದುಬರಹ ತಮಿಳಿನಲ್ಲೇ ನಡೆಯುವ ಮನೆಗಳಲ್ಲಿ, ಪುಸ್ತಕದ ಆಸರೆಯಿಲ್ಲದೆ, ತಾಯಿಯ ಬಾಯಿಂದ ಮಗುವಿನ ಕಿವಿಗೆ ಸಾಗಿ ಉಳಿದ ಆ ಕನ್ನಡವನ್ನು ತಿದ್ದಲು ಹೋಗುವುದು ದೊಡ್ಡ ತಪ್ಪು. ಕೇಳುತ್ತ ಕುಳಿತುಕೊಳ್ಳುವುದೇ ಅಲ್ಲಿ ತೋರಬೇಕಾದ ಮರ್ಯಾದೆ.

ಸೇಲಂನಲ್ಲಿ ಎಲ್ಲರೂ ತೋರಿಸುವ ಏರ್ಕಾಡಿನ ಬೆಟ್ಟವನ್ನು, ಅದರ ಕಾಫಿ ತೋಟಗಳನ್ನು ಒಂದು ದಿನದಲ್ಲಿ ನೋಡಿ ಮುಗಿಸಬಹುದು. ಹೆಚ್ಚು ಹೊತ್ತು ಬೇಡುವುದು ಸಬ್ಬಕ್ಕಿಯ ಕೆಲಸ. ಕನ್ನಡದ ಮನೆಗಳ ಸಂಡಿಗೆ, ಪಾಯಸಗಳಿಗೆ ಬೀಳುವ ಸಬ್ಬಕ್ಕಿ, ಅಲ್ಲಿನವರ 'ಜವ್ವರಿಸಿ', ಮರಗೆಣಸಿನಿಂದ ತಯಾರಾಗುವುದು ಹೆಚ್ಚಾಗಿ ಈ ಜಿಲ್ಲೆಯಲ್ಲಿ ಮತ್ತು ಇದರ ಸುತ್ತಮುತ್ತ. ತಯಾರಕರ ಸಹಕಾರ ಸಂಘ ಸೇಗೋಸರ್ವ್ 1981ರಲ್ಲಿ ಸೇಲಂನಲ್ಲೇ ಸ್ಥಾಪನೆಯಾಯಿತು. ಸಿಪ್ಪೆ ಸುಲಿದ ಗೆಡ್ಡೆಯನ್ನು ನೀರಿನೊಡನೆ ಅರೆದು ಸೋಸಿದ ಹಾಲನ್ನು ತೊಟ್ಟಿಯಲ್ಲಿ ಬಿಟ್ಟರೆ ಪಿಷ್ಟ, ಅಂದರೆ ಗೆಡ್ಡೆಯ ಗಂಜಿಯಂಶ, ಸುಣ್ಣದ ಗಾರೆಯಂತೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲಿನ ನೀರನ್ನು ಹರಿಯಬಿಟ್ಟು, ಹಸಿ ಹಿಟ್ಟನ್ನು ಪುಡಿಮಾಡಿ, ಬಟ್ಟೆಯ ಮೇಲೆ ತೊಟ್ಟಿಲು ತೂಗಿದಂತೆ ತೂಗಿದಾಗ ಪುಡಿ ತಾನಾಗಿ ಉರುಳಿ ಮಣಿಯಾಗುತ್ತದೆ. ಆ ಮಣಿಗಳನ್ನು ಜರಡಿ ಹಿಡಿದು, ಕಾದ ತಟ್ಟೆಗಳ ಮೇಲೆ ಹುರಿದು, ಅಂಗಳದಲ್ಲಿ ಹರಡುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಬಿಳುಪನ್ನು ಕಣ್ಣು ಬಿಟ್ಟು ನೋಡಲಾಗದು. ಅನುಮತಿ ಕೇಳಿ ಒಳಗೆ ಹೋಗಿ ನೋಡಬೇಕಾದ ಕೆಲಸವಿದು. ಸಂಜೆ ಬೀದಿಯಲ್ಲಿ ನಿಪ್ಪಟ್ಟಿನಂಥ ಎರಡು ವಡೆಗಳ ನಡುವೆ ಚಟ್ನಿ, ಈರುಳ್ಳಿ, ತುರಿದ ಕ್ಯಾರೆಟ್ಟು, ಬೀಟ್‌ರೂಟು ಇಟ್ಟು ಕೊಡುವ 'ತಟ್ಟುವಡೆ ಸೆಟ್ಟ'ನ್ನು ತಿನ್ನದೆ ಸೇಲಂ ಬಿಡಬಾರದು.

ಹೊಗೇನಕಲ್ಲಿನಲ್ಲಿ ಹೊಳೆಯ ನೀರು ಏರಿದಾಗ ಜಿಲ್ಲಾಡಳಿತವು ಹರಿಗೋಲು, ಅಲ್ಲಿನವರ 'ಪರಿಸಲ್', ಇಳಿಸುವುದನ್ನು ನಿಲ್ಲಿಸುತ್ತದೆ. ಆಗ ಅಂಬಿಗರನ್ನು ಪೀಡಿಸದೆ ದಡದಿಂದಲೇ ನೋಡಬೇಕು. ಅದೇ ಕಾವೇರಿ ಮುಂದೆ ಹರಿದು 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಜಲಾಶಯದಲ್ಲಿ ಊರುಗಳು ಮುಳುಗಿದವು; ನೀರು ಬಹಳ ತಗ್ಗಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರನ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರಗಳೂ ಮೇಲೆ ಕಾಣಿಸಿಕೊಳ್ಳುತ್ತವೆ. ಜಲಾಶಯ ತುಂಬಿದಾಗ ಹೋದವರಿಗೆ ನಂದಿ ಕಾಣದು. ಅಂಥವರು ದಡದ ಹಿರಿಯರೊಬ್ಬರನ್ನು 'ಅಯ್ಯಾ' ಎಂದು ಕರೆದು, ಗುಡಿ ಯಾವ ದಿಕ್ಕಿಗಿದೆಯೆಂದು ಕೇಳಿ, ಅವರು ಕೈತೋರಿದ ಕಡೆಯ ನೀರನ್ನು ಸ್ವಲ್ಪ ಹೊತ್ತು ನೋಡಿ ಬರಲಿ.