ಮುಟ್ಟದ ಸರಕಿಗೂ ಉತ್ತರ ಹೇಳಬೇಕು

ಕಲಬುರಗಿ ಜಿಲ್ಲೆಯ ಚಿಂಚೋಳಿಯ ಒಬ್ಬ ಅಕ್ಕ ಸೀರೆಗಳ ಚಿತ್ರಗಳನ್ನು ಪರಿಚಯದವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾಳೆ ಎಂದಿಟ್ಟುಕೊಳ್ಳಿ. ಸೀರೆ ಇರುವುದು ಸೂರತ್‌ನ ಯಾವುದೋ ಗೋದಾಮಿನಲ್ಲಿ. ಅಲ್ಲಿಯ ದರ 450 ರೂಪಾಯಿ, ಆಕೆ ಹೇಳುವ ದರ 600. ಸುಲೇಪೇಟದ ಗಿರಾಕಿ ರೊಕ್ಕ ಹಾಕಿದ ಮೇಲೆ ಈಕೆ ಸೂರತ್‌ಗೆ ಆರ್ಡರ್ ಕೊಡುತ್ತಾಳೆ, ಪಾರ್ಸೆಲ್ ಸೀದಾ ಸುಲೇಪೇಟಕ್ಕೆ ಹೋಗುತ್ತದೆ. ಆ ಸೀರೆಯನ್ನು ಅಕ್ಕ ಮುಟ್ಟಿಲ್ಲ, ಕಣ್ಣಾರೆ ನೋಡಿಯೂ ಇಲ್ಲ. ಇದೇ ಡ್ರಾಪ್‌ಶಿಪ್ಪಿಂಗ್. ನಮ್ಮಲ್ಲಿ ರೀಸೆಲ್ಲಿಂಗ್ ಎಂದರೆ ಬೇಗ ತಿಳಿಯುತ್ತದೆ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೋ ಮೊದಲು ಬೆಳೆದದ್ದೇ ಹೀಗೆ, ಮನೆಯಲ್ಲಿದ್ದು ಚಿತ್ರ ಹಂಚಿ, ದರದ ಮೇಲೆ ತಮ್ಮ ಲಾಭ ಸೇರಿಸಿ ಮಾರುವ ಹೆಣ್ಣುಮಕ್ಕಳ ಬಲದಿಂದ.

ಇದರ ಒಳಿತನ್ನು ಯಾರೂ ಅಲ್ಲಗಳೆಯಲಾರರು. ಅಂಗಡಿಯ ಬಾಡಿಗೆ ಇಲ್ಲ, ಮಾಲು ತುಂಬಿಸಲು ಸಾಲ ಬೇಡ, ಮಾರಾಟವಾಗದೆ ಉಳಿದ ಸರಕು ಹುಳ ಹಿಡಿಯುವ ಚಿಂತೆಯೂ ಇಲ್ಲ. ತೊಗರಿ ರಾಶಿ ಮುಗಿದ ಮೇಲೆ ಕೈಗೆ ಕೆಲಸವಿಲ್ಲದ ಮನೆಗಳಿಗೆ ಇದು ದೊಡ್ಡ ಆಸರೆ. ಕೊಳ್ಳುವವರಿಗೂ ಲಾಭವಿದೆ, ಕೊಂಚಾವರಂ ಕಾಡಿನಂಚಿನ ತಾಂಡಾದಲ್ಲಿ ಕುಳಿತು ಕಲಬುರಗಿಯ ಪೇಟೆಯಲ್ಲಿ ಸಿಗದ ಸಾಮಾನನ್ನೂ ತರಿಸಬಹುದು. ತೊಡಕು ಎದುರಾಗುವುದು ಸರಕು ಕೆಟ್ಟಾಗ. ಕೊಂಡವಳು ಅಕ್ಕನನ್ನು ಕೇಳುತ್ತಾಳೆ, ಅಕ್ಕ ಸೂರತ್ ಕಡೆ ಕೈ ತೋರಿಸುತ್ತಾಳೆ, ಸೂರತ್‌ನವನು ಕೊರಿಯರ್‌ನವನನ್ನು ತೋರಿಸುತ್ತಾನೆ. ಈ ಮೂವರಲ್ಲಿ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ಕಾನೂನು ಹೇಳಿದೆ. ಮಾರುವವರೂ ಕೊಳ್ಳುವವರೂ ಅದನ್ನು ವ್ಯವಹಾರಕ್ಕೆ ಮೊದಲೇ ತಿಳಿದಿರಬೇಕು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ಆನ್‌ಲೈನ್‌ನಲ್ಲಿ ಕೊಂಡವರೂ ಗ್ರಾಹಕರೇ ಎಂದು ಅದು ಸ್ಪಷ್ಟವಾಗಿ ಬರೆದಿದೆ. ‘ಉತ್ಪನ್ನ ಮಾರಾಟಗಾರ’ ಎಂಬ ಪದಕ್ಕೆ ಅದು ಕೊಡುವ ಅರ್ಥವೂ ವಿಶಾಲ: ವ್ಯಾಪಾರಕ್ಕಾಗಿ ಆಮದು ಮಾಡಿದವರು, ಮಾರಿದವರು, ಹಂಚಿದವರಷ್ಟೇ ಅಲ್ಲ, ಪ್ಯಾಕ್ ಮಾಡಿದವರು, ಪ್ರಚಾರ ಮಾಡಿ ಮಾರುಕಟ್ಟೆ ಒದಗಿಸಿದವರೂ ಅದರೊಳಗೆ ಬರುತ್ತಾರೆ. ಆದ್ದರಿಂದ ‘ಮಾಲು ನಾನು ಮುಟ್ಟಿಲ್ಲ’ ಎಂಬ ಒಂದೇ ಮಾತು ನಡುವಿನವರನ್ನು ಕಾಪಾಡುವುದಿಲ್ಲ.

86ನೆಯ ಕಲಮು ಇನ್ನೂ ಬಿಗಿ. ಮೊಬೈಲ್ ಚಾರ್ಜರ್ ಸಿಡಿದು ಮಗುವಿನ ಕೈ ಸುಟ್ಟಿತು ಎನ್ನಿ. ಅದನ್ನು ತಯಾರಿಸಿದವರು ಯಾರೆಂದೇ ಗೊತ್ತಿಲ್ಲದಿದ್ದರೆ, ಅಥವಾ ಗೊತ್ತಿದ್ದೂ ಅವರಿಗೆ ನೋಟಿಸ್ ಮುಟ್ಟಿಸಲಾಗದಿದ್ದರೆ, ಇಲ್ಲವೆ ಅವರು ಭಾರತದ ಕಾನೂನಿನ ಕೈಗೆ ಸಿಗದವರಾಗಿದ್ದರೆ, ಪರಿಹಾರದ ಹೊಣೆ ಮಾರಿದವರ ಮೇಲೆ ಬೀಳುತ್ತದೆ. ಹೊರದೇಶದಿಂದ ನೇರ ಕಳಿಸುವ ಹೆಸರಿಲ್ಲದ ಸರಕನ್ನು ಮಾರುವವರು ಈ ಕಲಮನ್ನು ಎರಡು ಸಲ ಓದಿಕೊಳ್ಳಬೇಕು. ‘ಒಂದು ವರ್ಷ ಗ್ಯಾರಂಟಿ ಅಕ್ಕಾ, ನನ್ನ ಜವಾಬ್ದಾರಿ’ ಎಂದು ಮೆಸೇಜಿನಲ್ಲಿ ಬರೆದ ಒಂದು ಸಾಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಯಾರಕರು ಕೊಡದ ಖಾತರಿಯನ್ನು ಮಾರಿದವರು ತಾವಾಗಿ ಕೊಟ್ಟು, ಸರಕು ಅದಕ್ಕೆ ತಕ್ಕಂತಿರದೆ ಹಾನಿಯಾದರೆ ಆ ಹೊಣೆಯೂ ಅವರದೇ. ಆಟಿಕೆ ಮಾರುವವರಿಗೆ ಇನ್ನೊಂದು ಮಾತು: 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ್ದನ್ನು ಮಾರುವುದೇ ಅಪರಾಧ.

ನಡುವಿನವರ ಬಗ್ಗೆ ನನಗೆ ಹೆಚ್ಚು ಕಳವಳ. ಗಿರಾಕಿ ಅವರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅವರು ಸೂರತ್‌ನವನ ಮೇಲೆ ಅದೇ ಆಯೋಗಕ್ಕೆ ಹೋಗುವಂತಿಲ್ಲ. ಮರುಮಾರಾಟಕ್ಕೆಂದು ಕೊಂಡವರನ್ನು ಕಾಯ್ದೆ ಗ್ರಾಹಕರ ಸಾಲಿನಿಂದ ಹೊರಗಿಟ್ಟಿದೆ. ಅವರಿಗೆ ಉಳಿಯುವುದು ಸಿವಿಲ್ ನ್ಯಾಯಾಲಯ. ಪೂರೈಕೆದಾರನ ಷರತ್ತುಗಳಲ್ಲಿ ‘ವ್ಯಾಜ್ಯವೆಲ್ಲ ಸೂರತ್ ನ್ಯಾಯಾಲಯದಲ್ಲಿ ಮಾತ್ರ’ ಎಂಬ ಸಾಲಿದ್ದು, ಅದಕ್ಕೆ ಓದದೆ ಒಪ್ಪಿಗೆ ಒತ್ತಿದ್ದರೆ, ಆರುನೂರು ರೂಪಾಯಿಯ ಸೀರೆಗೆ ಗುಜರಾತಿನವರೆಗೆ ಯಾರು ಹೋಗುತ್ತಾರೆ? ಹಾಗಾಗಿ ಮೊದಲ ಆರ್ಡರ್‌ಗೆ ಮುಂಚೆಯೇ ಪೂರೈಕೆದಾರನಿಂದ ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಬೇಕು. ಕೆಟ್ಟ ಮಾಲನ್ನು ಎಷ್ಟು ದಿನದಲ್ಲಿ ವಾಪಸ್ ಪಡೆಯುತ್ತಾನೆ, ವಾಪಸ್ ಬಂದ ಪಾರ್ಸೆಲ್ಲಿನ ಸಾಗಣೆ ಖರ್ಚು ಯಾರದು, ತಯಾರಕರ ಪೂರ್ತಿ ವಿಳಾಸ ಏನು. ಮಾಲು ತಲುಪಿದಾಗ ಹಣ ಕೊಡುವ ಪದ್ಧತಿಯಲ್ಲಿ ಗಿರಾಕಿ ಬಾಗಿಲಲ್ಲೇ ಬೇಡವೆಂದರೆ ಹೋಗಿ ಬರುವ ಖರ್ಚು ಎರಡೂ ಯಾರದೋ ತಲೆಗೆ ಬರುತ್ತದೆ. ಸಣ್ಣ ರೀಸೆಲ್ಲರ್‌ನ ತಿಂಗಳ ಲಾಭ ಅಲ್ಲೇ ಕರಗಬಹುದು.

ತೆರಿಗೆಯ ಮಾತನ್ನೂ ಬಿಡುವಂತಿಲ್ಲ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ಈ ರಿಯಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ಚಿಂಚೋಳಿಯವರಿಗೆ ತೆಲಂಗಾಣದ ತಾಂಡೂರು ಪಕ್ಕದೂರಿದ್ದಂತೆ, ಬಂಧುಬಳಗವೂ ಅಲ್ಲಿದೆ. ನಿಮ್ಮ ಹೆಸರಿನ ಬಿಲ್ಲಿನಲ್ಲಿ ತಾಂಡೂರಿನ ಗಿರಾಕಿಗೆ ಸೀರೆ ಮಾರಿದರೆ ಅದು ಅಂತರರಾಜ್ಯ ಮಾರಾಟ, ವಹಿವಾಟು ಎಷ್ಟೇ ಕಡಿಮೆ ಇದ್ದರೂ ನೋಂದಣಿ ಕೇಳುತ್ತದೆ. ಪೂರೈಕೆದಾರನೇ ಗಿರಾಕಿಯ ಹೆಸರಿಗೆ ಬಿಲ್ ಕೊಟ್ಟು ನಿಮಗೆ ಕಮಿಷನ್ ಮಾತ್ರ ಕೊಡುವುದಾದರೆ ಲೆಕ್ಕ ಬೇರೆ. ನಿಮ್ಮದು ಯಾವ ಬಗೆ ಎಂದು ಲೆಕ್ಕಪತ್ರ ನೋಡುವವರ ಹತ್ತಿರ ಒಮ್ಮೆ ಕೇಳಿಕೊಳ್ಳಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಮಂದಿ ಗಾಬರಿಯಾದರು ಎಂಬುದನ್ನು ಎಲ್ಲರೂ ನೋಡಿದ್ದೇವೆ.

ಇನ್ನು ಕೊಳ್ಳುವವರ ಮಾತು. 2020ರ ಜುಲೈ 23ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸರಕು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ತೋರಿಸಿದಂತೆ ಇರದಿದ್ದರೆ, ಹೇಳಿದ ದಿನ ಮೀರಿ ಬಂದಿದ್ದರೆ ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರರು ಒಲ್ಲೆ ಎನ್ನುವಂತಿಲ್ಲ. ತಡವಾದದ್ದು ಪ್ರವಾಹದಂಥ ಕೈಮೀರಿದ ಕಾರಣಕ್ಕಾದರೆ ಮಾತ್ರ ವಿನಾಯಿತಿ. ‘ನೋ ರಿಟರ್ನ್’ ಎಂದು ದಪ್ಪಕ್ಷರದಲ್ಲಿ ಬರೆದುಬಿಟ್ಟರೆ ಈ ಹಕ್ಕು ಹೋಗುವುದಿಲ್ಲ. ಪೆಟ್ಟಿಗೆ ಬಿಚ್ಚುವ ವಿಡಿಯೊ ಇರಲೇಬೇಕು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಆದರೂ ತೆಗೆದಿಟ್ಟುಕೊಳ್ಳಿ, ಅದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ. ಮಾರಾಟದ ಪುಟದ ಸ್ಕ್ರೀನ್‌ಶಾಟ್, ಯುಪಿಐ ಸಂಖ್ಯೆ, ಪಾರ್ಸೆಲ್ಲಿನ ಮೇಲಿನ ಚೀಟಿಯ ಫೋಟೊ ಇವೂ ಬೇಕು. ಆ ಚೀಟಿಯಲ್ಲಿ ಕಳಿಸಿದವರ ನಿಜವಾದ ವಿಳಾಸ ಇರುತ್ತದೆ. ಬಹಳ ಮಂದಿ ಅದನ್ನೇ ಹರಿದು ಎಸೆಯುತ್ತಾರೆ.

ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಪುಟದಲ್ಲಿ ಮಾರಾಟಗಾರರ ವಿಳಾಸ, ಸರಕು ತಯಾರಾದ ದೇಶ, ದೂರು ಕೇಳುವ ಅಧಿಕಾರಿಯ ಹೆಸರು ಇವೆಯೇ ನೋಡಿ. ಇವೆಲ್ಲ ನಿಯಮ ಕೇಳುವ ವಿವರಗಳು. ಒಂದೂ ಇಲ್ಲದೆ ವಾಟ್ಸ್‌ಆ್ಯಪ್ ನಂಬರ್ ಮಾತ್ರ ಇದ್ದರೆ ಮುಂಗಡ ಹಣ ಹಾಕಬೇಡಿ. ಹೊರದೇಶದ ಮಾರಾಟಗಾರರಿಗೂ ನಿಯಮ ಅನ್ವಯಿಸುತ್ತದೆ ನಿಜ, ಆದರೆ ಆದೇಶವನ್ನು ಅವರ ಬಾಗಿಲಿಗೆ ಮುಟ್ಟಿಸುವುದು ಬಲು ಕಷ್ಟ. ಹಣ ಪಡೆದು ಪೇಜೇ ಮಾಯವಾಗಿದ್ದರೆ ಅದು ವಂಚನೆ. ಆಗ ಗ್ರಾಹಕ ಆಯೋಗಕ್ಕೆ ಕಾಯದೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಮಾಡಿದಷ್ಟೂ ಬ್ಯಾಂಕಿನಲ್ಲಿ ಹಣ ತಡೆಯುವ ಸಾಧ್ಯತೆ ಹೆಚ್ಚು.

ಮಾರಾಟಗಾರರು ಸಿಕ್ಕಿದ್ದಾರೆ, ಆದರೆ ಹಣ ಕೊಡುತ್ತಿಲ್ಲ ಎಂದಾದರೆ ಮೊದಲು ಅವರ ಕುಂದುಕೊರತೆ ಅಧಿಕಾರಿಗೆ ಬರೆದು ದೂರು ಕೊಡಿ. ದೂರು ಮುಟ್ಟಿತೆಂದು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ.

ಈ ಕಾಯ್ದೆ ನಮ್ಮಂಥ ಗಡಿ ತಾಲ್ಲೂಕಿನವರಿಗೆ ಮಾಡಿದ ಅತಿ ದೊಡ್ಡ ಉಪಕಾರ 34ನೆಯ ಕಲಮಿನಲ್ಲಿದೆ. ದೂರು ಕೊಡುವವರು ಎಲ್ಲಿ ವಾಸವಿದ್ದಾರೋ ಆ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಸೂರತ್‌ನವನೇ ಕಲಬುರಗಿಗೆ ಬಂದು ಉತ್ತರ ಕೊಡಬೇಕು. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಒಂದು ಪೈಸೆಯೂ ಇಲ್ಲ. ವಕೀಲರೇ ಬೇಕೆಂದಿಲ್ಲ, ಸ್ವತಃ ವಾದಿಸಬಹುದು. ಕಲಬುರಗಿಗೆ ಹೋಗಿಬರುವುದರಲ್ಲೇ ಒಂದು ದಿನದ ಕೂಲಿ ಹೋಗುವವರು ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಿ, ವಿಡಿಯೊ ಮೂಲಕ ವಿಚಾರಣೆ ಮಾಡಿರೆಂದು ಅರ್ಜಿ ಕೊಡಬಹುದು. ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಬರಬೇಕು. ಎದುರಾಳಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಅದರಾಚೆಗೆ ಒಂದು ದಿನವನ್ನೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು, ಹಳೆಯ ಕಾಯ್ದೆಯ ಇದೇ ಮಾತಿನ ಬಗ್ಗೆ, ತೀರ್ಪು ಕೊಟ್ಟಿದೆ. ಆಯೋಗದ ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೆ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ದೂರು ಬರೆಯುವುದೇ ಗೊತ್ತಾಗದಿದ್ದರೆ ಚಿಂಚೋಳಿ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಸೀರೆ ಕೊಂಡು ಮೋಸಹೋದವಳು ಆ ಬಾಗಿಲು ತಟ್ಟಬಹುದು. ಪೂರೈಕೆದಾರನ ಷರತ್ತಿನ ಪತ್ರಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಓದಿ ಹೇಳಿ ಎಂದು ಕೇಳಲು, ಸೀರೆ ಮಾರುವ ಅಕ್ಕನೂ ಅಲ್ಲಿಗೇ ಹೋಗಬಹುದು.